ಕವರ್ ಕಾಕಾ

ಬಾಗಲಕೋಟೆಯ ನವನಗರದಲ್ಲಿ ಸೆಕ್ಟರಿಗೊಬ್ಬರಂತೆ ಕವರ್ ಕಾಕಾ ಇದ್ದಾರೆ. ನಿವೃತ್ತ ಹೆಡ್‌ಮಾಸ್ತರ ಆಗಿರಬಹುದು, ಯಾವುದೋ ಕಚೇರಿಯ ಕ್ಲಾರ್ಕ್ ಆಗಿರಬಹುದು. ಹಳೇ ಊರಿನ ಮನೆ ಆಲಮಟ್ಟಿ ಹಿನ್ನೀರಿಗೆ ಹೋದಾಗ ಬಂದ ಪರಿಹಾರವನ್ನು ಬ್ಯಾಂಕಿನಲ್ಲಿ ಬೆಳೆಸಿ, ಅದಕ್ಕೆ ಪಿಂಚಣಿಯ ಗಂಟು ಕೂಡಿಸಿ ಒಂದು ಬಿಳಿ ಕಾರು ತಂದಿರುತ್ತಾರೆ. ಓಡಿಸಲಿಕ್ಕಲ್ಲ, ಮುಚ್ಚಿಡಲಿಕ್ಕೆ.

ನಮ್ಮ ಸೆಕ್ಟರಿನ ಕಾಕಾ ಮುಂಜಾನೆ ಆರಕ್ಕೆ ಎದ್ದು ಕವರ್ ಬಿಚ್ಚುತ್ತಾರೆ. ಮೂರು ಬಕೆಟ್ ನೀರಿನ ಅಭಿಷೇಕ, ಅದರಲ್ಲಿ ಒಂದು ಪೂರ್ತಿ ಚಕ್ರಗಳಿಗೆ. ಆಮೇಲೆ ಹಳೇ ಧೋತರದಿಂದ ಒರೆಸಿ, ಚಕ್ರ ಇನ್ನೂ ತೊಟ್ಟಿಕ್ಕುತ್ತಿರುವಾಗಲೇ ಮತ್ತೆ ಕವರ್ ಎಳೆಯುತ್ತಾರೆ. ಹ್ಯಾಂಡ್ ಬ್ರೇಕನ್ನಂತೂ ಎರಡೂ ಕೈಯಿಂದ, ಕೊನೇ ಹಲ್ಲಿನವರೆಗೆ ಎತ್ತಿ ಬಿಟ್ಟಿರುತ್ತಾರೆ. ಅಂಗಳ ಸಪಾಟಾಗಿದೆಯಲ್ಲ ಅಂದರೆ, “ತಮ್ಮಾ, ಹೋರಿ ಹಗ್ಗ ಸಡ್ಲ ಬಿಡಬಾರ್ದು” ಎನ್ನುತ್ತಾರೆ. ಹೋರಿ ಅಂಗಳ ಬಿಟ್ಟು ಎಷ್ಟು ದಿನವಾಯಿತೆಂದು ಕೇಳುವ ಧೈರ್ಯ ನನಗಿಲ್ಲ.

ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ, ಆ ಉಪ್ಪುನೀರಿಗೆ ಕಾರಿನ ತಳ, ಬ್ರೇಕು ಎಲ್ಲ ತುಕ್ಕು ಹಿಡಿಯುತ್ತವೆ ಎಂದು ಅವನೊಮ್ಮೆ ವಿಡಿಯೊ ಕಾಲಿನಲ್ಲಿ ಹೇಳಿದ. ಮರುದಿನದಿಂದ ಕಾಕು ಕಾರಿನ ಹತ್ತಿರ ಮಜ್ಜಿಗೆ ಮೆಣಸಿನಕಾಯಿ ಒಣಹಾಕುವುದು ಬಂದ್!

ನಮ್ಮ ಕಡೆಯ ಚಳಿ ಏನು ಮಹಾ! ಆದರೂ ಪುಷ್ಯ ಮಾಸದ ನಸುಕಿನಲ್ಲಿ ಹಿನ್ನೀರ ಕಡೆಯಿಂದ ಬರುವ ಥಂಡಿ ಗಾಳಿ, ಮೇಲೆ ಇಬ್ಬನಿ, ಒಳಗೆ ಕಾಕಾರ ಮೂರು ಬಕೆಟ್ಟು. ತುಕ್ಕಿಗೆ ಇಷ್ಟು ಸಾಕು.

ಬನದ ಹುಣ್ಣಿಮೆ ಬಂತು. ಬಾದಾಮಿಯಾಚೆ ಚೊಳಚಗುಡ್ಡದಲ್ಲಿ ಬನಶಂಕರಿ ತೇರು. ಕಾಕು ಇಳಕಲ್ ಸೀರೆಯುಟ್ಟು, ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿಯ ಬುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತರು. ಕಾಕಾ ಹ್ಯಾಂಡ್ ಬ್ರೇಕ್ ಇಳಿಸಿ, ಗೇರ್ ಹಾಕಿ, ಕ್ಲಚ್ ಬಿಟ್ಟರು. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು. ಇಂಜಿನ್ನು ಬಾದಾಮಿಗೆ ಹೊರಟಿತು; ಹಿಂದಿನ ಚಕ್ರಗಳು ನವನಗರದಲ್ಲೇ ಕೂತವು.

ಹುನಗುಂದದ ಅಳಿಯ ಫೋನಿನಲ್ಲಿ “ಹಿಂದ ಮುಂದ ಅಳ್ಳಾಡಸ್ರಿ ಮಾವಾರ” ಎಂದ. ಅಳ್ಳಾಡಿಸಿದರು. ಫರಸಿಯ ಮೇಲೆ ಎರಡು ಕರೀ ಗೆರೆ ಮೂಡಿದವು, ಅಷ್ಟೆ. ಕಡೆಗೆ ಗ್ಯಾರೇಜಿನ ಹುಡುಗ ಬಂದು ಚಕ್ರ ಬಿಚ್ಚಿ ಡ್ರಮ್ಮಿಗೆ ಸುತ್ತಿಗೆಯಿಂದ ಎರಡು ಏಟು ಹಾಕಿದ. ಠಣ್! ಕೆಂಪು ಪುಡಿ ಉದುರಿತು. ಕಾಕು ಒಳಗಿಂದಲೇ, “ನೋಡ್ರಿ, ನಾವು ಹೋಗಲಿಲ್ಲಂತ ಬನಶಂಕರಿ ಇಲ್ಲೇ ಕುಂಕುಮ ಕಳಿಸ್ಯಾಳ” ಎಂದರು.

“ಕಾಕಾರ, ಡ್ರಮ್ ಬೀಡಿಂದು. ಹಸಿ ಇದ್ದಾಗ ಬ್ರೇಕ್ ಜಗ್ಗಿ ಬಿಟ್ರ ತುಕ್ಕು ಹಿಡದು ಲೈನರ್ ಅದಕ್ಕ ಅಂಟಗೋತೈತಿ,” ಎಂದ ಹುಡುಗ. “ತೊಳದ ಮ್ಯಾಲ ಒಂದು ರೌಂಡ್ ಹೊಡೀರಿ, ನಾಕು ಸಲ ಬ್ರೇಕ್ ಒತ್ರಿ, ಕಾವಿಗೆ ಒಣಗತಾವ. ಮನಿ ಮುಂದ ನಿಂತಾಗ ಹ್ಯಾಂಡ್ ಬ್ರೇಕ್ ಬ್ಯಾಡ. ಗೇರಿನಾಗ ಇಡ್ರಿ, ಗಾಲಿಗೊಂದು ಕಲ್ಲ ಕೊಡ್ರಿ.” ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು ಎಂದೂ ಹೇಳಿದ. “ಓಡಲಾರದ ಗಾಡಿಗೆ ಎಣ್ಣಿ ಯಾಕ?” ಎಂದು ಕಾಕಾ ಗದರಿದರು. ಹುಡುಗ ಉತ್ತರಿಸದೆ ತನ್ನ ಟಂಟಂ ಹತ್ತಿದ. ಅದು ನೀರು ಕಂಡು ಯಾವ ಕಾಲವಾಯಿತೋ. ಆದರೆ ದಿನಾ ಓಡುತ್ತದೆ, ನಿಲ್ಲು ಅಂದಲ್ಲಿ ನಿಲ್ಲುತ್ತದೆ.

ಅವನ ಉಪದೇಶದಲ್ಲಿ ಕಾಕಾರಿಗೆ ಹಿಡಿಸಿದ್ದು ಕಲ್ಲು ಒಂದೇ. ದಾರಿಯ ಕಲ್ಲು ಅವರಿಗೆ ನಡೆಯುವುದಿಲ್ಲ. ಇಳಕಲ್ಲಿನಿಂದ ಕೆಂಪು ಗ್ರಾನೈಟಿನ ತುಂಡೊಂದನ್ನು ಕೊಯ್ಯಿಸಿ, ಮುಖ ಕಾಣುವಷ್ಟು ಪಾಲಿಶ್ ಮಾಡಿಸಿ ತಂದರು. ಈಗ ಮುಂಜಾನೆ ಬಕೆಟ್ಟು ನಾಲ್ಕಾಗಿದೆ. ಕಲ್ಲಿಗೂ ಒಂದು ಕವರ್ ಹೊಲಿಸಿದ್ದಾರೆ.

ಮುಂದಿನ ಬನದ ಹುಣ್ಣಿಮೆಗೆ ನಾವು ಓಣಿಯವರೆಲ್ಲ ಕೂಡಿ ಟಂಟಂ ಹೇಳಿದ್ದೇವೆ. ಕಿಟಕಿ ಪಕ್ಕದ ಸೀಟಿಗೆ ಕಾಕು ಈಗಲೇ ರೊಕ್ಕ ಕೊಟ್ಟಿದ್ದಾರೆ.