ಇದೊಂದ ತುತ್ತು

ಸಂಜೆ ಏಳರ ಸುಮಾರಿಗೆ ಆಡೂರಿನ ಓಣಿಯಲ್ಲಿ ಒಂದು ತಾಟು ಓಡತೊಡಗುತ್ತದೆ. ತಾಟಿನ ಹಿಂದೆ ಆಯಿ, ಮುಂದೆ ನಾಲ್ಕು ವರ್ಷದ ಮೊಮ್ಮಗ. ಕಟ್ಟೆಯ ಮೇಲೆ ಕೂತವರು ಕಾಲು ಮಡಚಿ ದಾರಿ ಬಿಡುತ್ತಾರೆ. ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು, ಯಾವ ತಾಲ್ಲೂಕಿಗೆ ಹೋದರೂ ಈ ಆಯಿ ಇದ್ದಾಳೆ. ಸೀರೆಯ ಬಣ್ಣ ಬೇರೆ, ಓಟ ಒಂದೇ.

ತಾಟಿನಲ್ಲಿರುವುದು ಮುಟಗಿ. ಬಿಸಿ ಜೋಳದ ರೊಟ್ಟಿಗೆ ಬೆಳ್ಳುಳ್ಳಿ, ಉಪ್ಪು, ಖಾರ ಹಾಕಿ ಒರಳಲ್ಲಿ ಕುಟ್ಟಿ, ಮೇಲೆ ತುಪ್ಪ ಬಿಟ್ಟದ್ದು. "ಖಾರಾ!" ಅಂತ ಹುಡುಗ ಕೂಗುತ್ತಾನೆ, ಇನ್ನೂ ನಾಲಿಗೆಗೆ ತಾಗಿಸಿರುವುದಿಲ್ಲ. "ಬ್ಯಾಡಗಿ ಮೆಣಸಿನಕಾಯಿ ಅದು ತಮ್ಮಾ, ಬಣ್ಣಷ್ಟ ಐತಿ, ಖಾರಿಲ್ಲ" ಎಂದು ಆಯಿ ವಾದಿಸುತ್ತಾಳೆ. ವಾದ ಸರಿಯೇ. ಹುಡುಗ ಮಾತ್ರ ಕಂಬದ ಹಿಂದೆ.

ಆಗ ಆಯಿ ಬಸ್ಸು ಬಿಡುತ್ತಾಳೆ. ತುತ್ತೇ ಬಸ್ಸು, ಬಾಯೇ ಸ್ಟ್ಯಾಂಡು. ಮೊದಲ ಬಸ್ಸು ಹಾನಗಲ್ಲಿಗೆ. ತಾರಕೇಶ್ವರ ಗುಡಿಯ ಚಾವಣಿಯಲ್ಲಿ ಕಲ್ಲಿನ ಕಮಲ ಅರಳೇತಿ ಅನ್ನುತ್ತಾಳೆ. ಹುಡುಗ ಮೇಲೆ ನೋಡಿ ಬಾಯಿ ತೆರೆಯುತ್ತಾನೆ, ತುತ್ತು ಒಳಗೆ. ಎರಡನೆಯದು ಶಿಗ್ಗಾಂವದ ಅತ್ತಿ ಹೆಸರಿನದು. ಪಕ್ಕದ ಬಾಡದ ಕನಕದಾಸರು ಯಾರೂ ನೋಡದ ಜಾಗ ಸಿಗದೆ ಬಾಳೆಹಣ್ಣು ವಾಪಸು ತಂದ ಕಥೆ ಹೇಳಿ ಆಯಿ ಪೇಚಿಗೆ ಸಿಕ್ಕುತ್ತಾಳೆ.

"ಅವರೂ ತಿನ್ನಲಿಲ್ಲ, ನನಗೂ ಬ್ಯಾಡ."

ಮೂರನೆಯದು ಸವಣೂರು. ಅಲ್ಲಿ ಆಫ್ರಿಕಾ ಮೂಲದ ದೊಡ್ಡಹುಣಸೆ ಮರಗಳಿವೆ, ಕಾಂಡವೆಂದರೆ ಮನೆಯಷ್ಟು ದಪ್ಪ. "ಅವೇನ ಉಂಡು ಅಷ್ಟ ದಪ್ಪ ಆಗ್ಯಾವ?" ಆಯಿ ತಡವರಿಸುವುದಿಲ್ಲ: "ಮುಟಗಿ." ಬಸ್ಸು ಹಿರೇಕೆರೂರು ಮುಟ್ಟುವ ಹೊತ್ತಿಗೆ ತುಪ್ಪ ಹೆಪ್ಪುಗಟ್ಟಿರುತ್ತದೆ, ಅಬಲೂರಿನ ಸರ್ವಜ್ಞ ನಾಳೆಗೆ ಬಾಕಿ.

ಸೊಸೆ ಮೊಬೈಲ್ ಕೊಟ್ಟು ಎರಡೇ ನಿಮಿಷದಲ್ಲಿ ಉಣಿಸಬಲ್ಲಳು. ಆಯಿ ಒಪ್ಪುವುದಿಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಪರದೆ ನೋಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದನ್ನು ಆಕೆ ಓದಿದವಳಲ್ಲ. ಮೊಬೈಲ್ ಬಂದರೆ ತನ್ನ ಬಸ್ಸಿಗೆ ಪ್ರಯಾಣಿಕರಿಲ್ಲ, ಅದೇ ಆಕೆಯ ತಕರಾರು.

ವಿಚಿತ್ರವೆಂದರೆ, ಇದೇ ಹುಡುಗ ಮಧ್ಯಾಹ್ನ ಅಂಗನವಾಡಿಯಲ್ಲಿ ಸಾಲಾಗಿ ಕೂತು, ಅನ್ನ ಸಾರು ತಾನೇ ಕಲಸಿ, ತಾಟು ನೆಕ್ಕಿ ಏಳುತ್ತಾನೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ, ನಮ್ಮಲ್ಲಿ ಟಿ. ನರಸೀಪುರದಲ್ಲಿ ಶುರುವಾದ ಶಿಶು ಅಭಿವೃದ್ಧಿ ಯೋಜನೆಯ ಈ ಪಂಕ್ತಿಗೆ ಬಸ್ಸೂ ಬೇಡ, ಕಥೆಯೂ ಬೇಡ. ಪಕ್ಕದವ ಉಣ್ಣುತ್ತಾನೆ, ಇವನೂ ಉಣ್ಣುತ್ತಾನೆ. ತಮಗೆ ಸೇರದ ತರಕಾರಿಯನ್ನು ಜೊತೆಯ ಮಕ್ಕಳು ಆರಿಸಿಕೊಂಡು ತಿನ್ನುವುದನ್ನು ದಿನವೂ ಕಂಡ ಪುಟಾಣಿಗಳು ಕೆಲವೇ ದಿನಗಳಲ್ಲಿ ತಾವೂ ಅದನ್ನೇ ಕೇಳಿದರೆಂದು ಅಮೆರಿಕದ ಸಂಶೋಧಕಿ ಲಿಯಾನ್ ಬರ್ಚ್ 1980ರಲ್ಲೇ ಬರೆದಿದ್ದರು. ಆಯಿಯ ಸಂಶೋಧನೆ ಬೇರೆ: "ಟೀಚರ್ ಹೆದರಸ್ತಾಳ, ಪಾಪ, ಅದಕ್ಕ ಉಣ್ತಾನ."

ಸೀಗಿ ಹುಣ್ಣಿಮೆಯಂದು ಆಯಿಗೆ ಬಿಡುವಿಲ್ಲ. ಬುಟ್ಟಿ ತುಂಬ ಕಡಬು, ಹೋಳಿಗೆ, ಪುಂಡಿಪಲ್ಲೆ, ಬುತ್ತಿ ಹೊತ್ತು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಭೂತಾಯಿಗೆ ಪೂಜೆಯಾದ ಮೇಲೆ ಬೆಳೆಯ ನಡುವೆ ಚರಗ ಚೆಲ್ಲುವ ಕೆಲಸ ಹುಡುಗನದೂ ಹೌದು. ಅವನು ಒಂದು ಹಿಡಿ ಹೊಲಕ್ಕೆ, ಒಂದು ಹಿಡಿ ಬಾಯಿಗೆ ಹಾಕುತ್ತ ಬದುವಿನುದ್ದಕ್ಕೂ ಸಾಗುತ್ತಾನೆ. ಆಮೇಲೆ ಅಣ್ಣತಮ್ಮಂದಿರ ನಡುವೆ ಕೂತು ಕಡಬು, ಹೋಳಿಗೆ, ಬುತ್ತಿ ಮುಗಿಸಿ ಪುಂಡಿಪಲ್ಲೆಗೆ ಕೈ ಚಾಚುತ್ತಾನೆ. ಎಲ್ಲರಿಗೂ ಬಡಿಸುವ ಗಡಿಬಿಡಿಯಲ್ಲಿರುವ ಆಯಿಗೆ ಇದೊಂದೂ ಕಾಣುವುದಿಲ್ಲ.

ರಾತ್ರಿ ಶಿಗ್ಗಾಂವದ ಮಗಳಿಗೆ ಫೋನ್ ಹೋಗುತ್ತದೆ: "ಮುಂಜಾನಿಂದ ಹೊಟ್ಟಿಗೇನೂ ಹೋಗಿಲ್ಲ ನೋಡವಾ. ನನ್ನ ಕೈಲೆ ಒಂದ ತುತ್ತೂ ಉಂಡಿಲ್ಲ."