ಕಳ್ಳನಿಗೊಂದು ಕೋವಿ

ಅಡಿಕೆಗೆ ಬೆಲೆ ಬಂದ ವರ್ಷವೇ ಮಲೆನಾಡಿನವರಿಗೆ ಕಳ್ಳರ ನೆನಪಾಗುವುದು. ಬೆಲೆ ಬಿದ್ದಾಗ ಅಂಗಳದಲ್ಲಿ ಹರವಿದ ಅಡಿಕೆಯ ಮೇಲೆ ಊರ ನಾಯಿ ಮಲಗಿದರೂ ಎಬ್ಬಿಸುವವರಿಲ್ಲ. ಬೆಲೆ ಏರಿತೋ, ಮೊದಲು ಕಬ್ಬಿಣದ ಗೇಟು, ಆಮೇಲೆ ಸಿಸಿ ಕ್ಯಾಮೆರಾ, ಅದರ ವೈರನ್ನು ಮಂಗ ಕಿತ್ತ ಮೇಲೆ ಕೋವಿಯ ಮಾತು. ನಮ್ಮ ಭಾವನವರು ಈಗ ಆ ಹಂತಕ್ಕೆ ಬಂದು ತಲುಪಿದ್ದಾರೆ. "ಕಾಲ ಕೆಟ್ಟಿದೆ ಮಾರಾಯ, ಮನೆಯಲ್ಲಿ ಒಂದು ಕೋವಿ ಇರಬೇಕು. ಯಾವುದು ತಗೊಳ್ಳಲಿ ಹೇಳು."

ಕೋವಿಯ ವಿಷಯದಲ್ಲಿ ನಾನು ಪಂಡಿತನಲ್ಲ. ಆದರೆ ನಮ್ಮ ಸೀಮೆಯಲ್ಲಿ ಈ ಬಗ್ಗೆ ಸಲಹೆ ಕೊಡುವ ಯಾರೊಬ್ಬರೂ ಕಳ್ಳನನ್ನು ಎದುರಿಗೆ ಕಂಡವರಲ್ಲ. ಆ ಅರ್ಹತೆ ನನಗೂ ಇದೆ.

ಭಾವನವರ ಮಗ ಟೆಕ್ಸಾಸಿನಲ್ಲಿದ್ದಾನೆ. ಗ್ರೀನ್ ಕಾರ್ಡ್ ಕೈಗೆ ಬಂದಿದ್ದರೆ ಅಲ್ಲಿ ಇದು ಒಂದು ಮಧ್ಯಾಹ್ನದ ಕೆಲಸ. ಅಂಗಡಿಗೆ ಹೋಗಿ ಗುರುತಿನ ಚೀಟಿ ತೋರಿಸಿ ಫಾರಂ ತುಂಬಿದರೆ, ಎಫ್‌ಬಿಐನವರ ಕಂಪ್ಯೂಟರು ಪೂರ್ವಾಪರ ನೋಡಿ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಹೂಂ ಎನ್ನುತ್ತದೆ. ಹಾಗಾಗಿ ಅಲ್ಲಿಯವರ ಚಿಂತೆಯೆಲ್ಲ ಆಯ್ಕೆಯದ್ದು: ಪಿಸ್ತೂಲೋ, ರೈಫಲ್ಲೋ, ಚರೆಯ ಕೋವಿಯೋ? ಅಲ್ಲಿನ ಮನೆಗಳ ಒಳಗೋಡೆ ಜಿಪ್ಸಂ ಹಲಗೆಯದು. ಕಳ್ಳನಿಗೆ ಹೊಡೆದದ್ದು ಗೋಡೆ ತೂರಿ ಮಗು ಮಲಗಿದ ಕೋಣೆಗೆ ಹೋಗದಂಥ ಗುಂಡು ಯಾವುದು ಎಂದು ಅಲ್ಲಿನ ತಂದೆತಾಯಿ ರಾತ್ರಿಯೆಲ್ಲ ಅಧ್ಯಯನ ಮಾಡುತ್ತಾರಂತೆ. 2013ರಲ್ಲಿ, ಆಗ ಉಪಾಧ್ಯಕ್ಷರಾಗಿದ್ದ ಜೋ ಬೈಡನ್ ಇದಕ್ಕೆಲ್ಲ ಒಂದೇ ಮದ್ದು ಹೇಳಿದರು. ಜೋಡುನಳಿಗೆ ಕೋವಿ ಕೊಳ್ಳಿ. ಏನಾದರೂ ಸದ್ದಾದರೆ ಬಾಲ್ಕನಿಗೆ ಬಂದು ಎರಡು ಈಡು ಹಾರಿಸು ಎಂದು ಅವರು ಹೆಂಡತಿಗೂ ಹೇಳಿಟ್ಟಿದ್ದರಂತೆ.

ಈ ಸಲಹೆಯನ್ನು ಮಡಿಕೇರಿಯ ಕಡೆ ಯಾರಾದರೂ ಪಾಲಿಸಿದರೆ ಫಜೀತಿ. ಕೊಡವರಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಕಳ್ಳ ಓಡುವುದಿರಲಿ, ಸಾವಿನ ಮನೆಯೆಂದು ಊರಿಗೆ ಊರೇ ಬಂದು ಅಂಗಳದಲ್ಲಿ ನಿಲ್ಲುತ್ತದೆ.

ಕೊಡವರೆಂದರೆ ಭಾವನವರಿಗೆ ಒಳಗೊಳಗೇ ಹೊಟ್ಟೆಕಿಚ್ಚು. ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯಿಂದಾಗಿ ಅವರಿಗೂ ಅಲ್ಲಿನ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ಬೇಡ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿತು. ಪ್ರಶ್ನಿಸಿ ಹೋದ ಅರ್ಜಿಯನ್ನು ನಮ್ಮ ಹೈಕೋರ್ಟು 2021ರಲ್ಲಿ ತಳ್ಳಿಹಾಕಿತು. ಅವರಿಗೆ ಕೈಲ್‌ಪೊಳ್ದ್ ಇದೆ, ಅಂದು ಕೋವಿಗೆ ಹೂ ಮುಡಿಸಿ ಪೂಜೆ ಮಾಡುತ್ತಾರೆ. ನಮ್ಮ ಆಯುಧಪೂಜೆಯಲ್ಲಿ ಕುಂಕುಮ ಹಚ್ಚಿಸಿಕೊಳ್ಳುವುದು ಕತ್ತಿ, ಹಾರೆ, ಕಳೆ ಹೊಡೆಯುವ ಮಿಷನ್ನು ಮತ್ತು ಮಕ್ಕಳ ಲ್ಯಾಪ್‌ಟಾಪು. ಆ ಸಾಲಿನಲ್ಲಿ ಒಂದು ಕೋವಿ ಇದ್ದರೆ ಫೋಟೊ ಕಳೆಕಟ್ಟುತ್ತದೆ ಎಂಬುದು ಭಾವನವರ ನಿಜವಾದ ಕಾರಣ ಎಂದು ನನ್ನ ಗುಮಾನಿ. ಲೈಸೆನ್ಸಿನ ಅರ್ಜಿಯಲ್ಲಿ ಅದಕ್ಕೆ ಕಾಲಂ ಇಲ್ಲ.

ಕಾಲಂ ಇರುವುದು ಆತ್ಮರಕ್ಷಣೆಗೆ. ಅದನ್ನು ತುಂಬಿದ ಮೇಲೆ ಪೊಲೀಸ್ ವರದಿ. "ಯಾರಿಂದ ಜೀವಬೆದರಿಕೆ ಇದೆ?" ಎಂದು ಕೇಳುತ್ತಾರೆ. ಇಂಥವರಿಂದ ಎಂದು ಹೆಸರು ಹೇಳಿದಿರೋ, ದ್ವೇಷವಿರುವವನ ಕೈಗೆ ಕೋವಿ ಕೊಡುವುದು ಅಪಾಯ. ಯಾರಿಂದಲೂ ಇಲ್ಲ ಎಂದಿರೋ, ಮತ್ತೇಕೆ ಕೋವಿ? ಹೀಗಾಗಿ ಅರ್ಜಿದಾರನಿಗೆ ತುರ್ತಾಗಿ ಬೇಕಾದದ್ದು ಇದ್ದೂ ಇಲ್ಲದಂಥ ಒಬ್ಬ ಶತ್ರು. ಮಲೆನಾಡಿನ ಜಾಣರು ಇದಕ್ಕೆ ಬಹಳ ಹಿಂದೆಯೇ ದಾರಿ ಕಂಡುಕೊಂಡಿದ್ದಾರೆ. ಅವರು ಮಂಗನ ಮೇಲೆ, ಹಂದಿಯ ಮೇಲೆ ದೂರು ಹೇಳಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆಯುತ್ತಾರೆ. 1959ರ ಆಯುಧ ಕಾಯ್ದೆ ಬೆಳೆ ಕಾಯುವವನಿಗೆ ಕೇಪಿನ ಕೋವಿ ಕೊಡಿ ಎನ್ನುತ್ತದೆ. 1972ರ ವನ್ಯಜೀವಿ ಕಾಯ್ದೆ ಬೆಳೆ ತಿನ್ನಲು ಬಂದದ್ದನ್ನು ಕೊಲ್ಲಬೇಡಿ ಎನ್ನುತ್ತದೆ. ಎರಡನ್ನೂ ಪಾಲಿಸುವ ಸಜ್ಜನ ಆಕಾಶಕ್ಕೆ ಗುಂಡು ಹಾರಿಸುತ್ತಾನೆ. ಅದೇ ಕೆಲಸವನ್ನು ದೀಪಾವಳಿಯಲ್ಲಿ ಉಳಿದ ಆಟಂಬಾಂಬು ಅರ್ಜಿಯಿಲ್ಲದೆ ಮಾಡುತ್ತದೆ.

ಪಹಣಿ, ಫೋಟೊ, ವೈದ್ಯರ ಪ್ರಮಾಣಪತ್ರ, ತರಬೇತಿ ಪಡೆದ ಸರ್ಟಿಫಿಕೇಟು, ಭದ್ರವಾಗಿ ಇಟ್ಟುಕೊಳ್ಳುತ್ತೇನೆಂಬ ಮುಚ್ಚಳಿಕೆ, ಡಿಸಿ ಆಫೀಸಿನ ಮೆಟ್ಟಿಲು. ಇವೆಲ್ಲ ಮುಗಿಯಿತೆಂದೇ ಇಟ್ಟುಕೊಳ್ಳೋಣ. ಈಗ ಆಯ್ಕೆ.

ಕೇಪಿನ ಕೋವಿಯಿಂದಲೇ ಶುರುಮಾಡೋಣ, ಏಕೆಂದರೆ ನಮ್ಮ ಹಿರಿಯರ ಪ್ರೀತಿ ಅದರ ಮೇಲೆ. ನಳಿಗೆಯ ಬಾಯಿಂದ ಮದ್ದು ಸುರಿಯಬೇಕು, ಮೇಲೆ ತೆಂಗಿನ ನಾರು ತುರುಕಬೇಕು, ಗಜ ಹಾಕಿ ಜಡಿಯಬೇಕು, ಚರೆ ಸುರಿಯಬೇಕು, ಮತ್ತೆ ನಾರು, ಮತ್ತೆ ಜಡಿತ, ಕೊನೆಗೆ ಕೇಪು. ಅಷ್ಟರವರೆಗೆ ಕಳ್ಳ ಜಗಲಿಯಲ್ಲಿ ಕೂತಿರಬೇಕು. ಒಂದು ಲೋಟ ಕಾಫಿ ಕೊಟ್ಟರೆ ಕೂರಲೂಬಹುದು. ಗುರಿ ತಪ್ಪಿದರೆ ಮತ್ತೆ ಮೊದಲಿನಿಂದ. ಆಗ ಅವನಿಗೆ ಊಟವನ್ನೇ ಹಾಕಬೇಕಾಗುತ್ತದೆ. ಮಳೆಗಾಲದಲ್ಲಂತೂ ಮದ್ದು ತೇವ ಹಿಡಿದು, ಕುದುರೆ ಎಳೆದರೆ ಟಿಕ್ ಎನ್ನುತ್ತದೆ ಅಷ್ಟೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕದಿಯಲು ಬರುವವನಿಗೆ ಜೀವಭಯವಿಲ್ಲ.

ಆಮೇಲಿನದು ಜೋಡುನಳಿಗೆಯ ತೋಟಾ ಕೋವಿ, 12 ಬೋರ್. ನಳಿಗೆ 20 ಅಂಗುಲಕ್ಕಿಂತ ಗಿಡ್ಡವಿಲ್ಲದ ಇಂಥ ಕೋವಿಯನ್ನು ರಕ್ಷಣೆಗೆಂದು ಕೇಳುವ ನಾಗರಿಕನ ಬಗ್ಗೆ ಕಾಯ್ದೆಗೆ ತುಸು ಮೃದು ಧೋರಣೆ. ಗಾತ್ರದ ದೃಷ್ಟಿಯಿಂದಲೂ ಇದೇ ಯೋಗ್ಯ. ಅಜ್ಜನ ಫೋಟೊದ ಕೆಳಗೆ ಅಡ್ಡಲಾಗಿ ತೂಗುಹಾಕಿದರೆ ಫೋಟೊದ ಅಗಲಕ್ಕೆ ಸರಿಹೋಗುತ್ತದೆ. ಹೆಣ್ಣು ನೋಡಲು ಬಂದವರು ಮೊದಲು ಕೋವಿ ನೋಡುತ್ತಾರೆ, ಆಮೇಲೆ ದನಿ ತಗ್ಗಿಸಿ ಮಾತಾಡುತ್ತಾರೆ. ಮದುವೆಯ ದಿನ ಖುಷಿಗೆಂದು ಅದನ್ನು ಗಾಳಿಯಲ್ಲಿ ಹಾರಿಸಬೇಡಿ. 2019ರ ತಿದ್ದುಪಡಿಯ ಪ್ರಕಾರ ಬೇಜವಾಬ್ದಾರಿಯ ಸಂಭ್ರಮದ ಗುಂಡಿಗೆ ಎರಡು ವರ್ಷದವರೆಗೆ ಜೈಲು, ಲಕ್ಷ ರೂಪಾಯಿಯವರೆಗೆ ದಂಡ.

ಇನ್ನು ರಿವಾಲ್ವರ್. ಇದು ಮಲೆನಾಡಿನದಲ್ಲ, ಬೆಂಗಳೂರಿನದು, ಸೈಟು ಮಾಡುವವರದು. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಹೆಂಗಸರ ರಕ್ಷಣೆಗೆಂದೇ 'ನಿರ್ಭೀಕ್' ಎಂಬ .32 ರಿವಾಲ್ವರ್ ಹೊರತಂದಿತು. ತೂಕ ಸುಮಾರು ಅರ್ಧ ಕಿಲೊ, ಆಗಿನ ಬೆಲೆ 1.22 ಲಕ್ಷ ರೂಪಾಯಿ. ಕೆಲಸ ಮುಗಿಸಿ ಕತ್ತಲಲ್ಲಿ ಬಸ್ಸಿಗೆ ಕಾಯುವ ಗಾರ್ಮೆಂಟ್ಸ್ ಹುಡುಗಿ ಊಟ, ಬಾಡಿಗೆ, ತಮ್ಮನ ಫೀಜು ಎಲ್ಲ ಬಿಟ್ಟು ವರ್ಷಕ್ಕೂ ಮೀರಿ ಕೂಡಿಟ್ಟರೆ ಕೊಳ್ಳಬಹುದಾಗಿದ್ದ ಧೈರ್ಯ. ಅದನ್ನು ಒಡವೆಯ ಪೆಟ್ಟಿಗೆಯಂಥದರಲ್ಲಿ ಇಟ್ಟು ಮಾರಿದರು. ಯಾರ ಬುದ್ಧಿಯೋ ತಿಳಿಯದು. ಮನೆಗೆ ನುಗ್ಗಿದ ಕಳ್ಳ ಬೀರು ತೆಗೆದರೆ ಎಲ್ಲಕ್ಕಿಂತ ಮೊದಲು ಕೈಹಾಕುವುದು ಆ ಪೆಟ್ಟಿಗೆಗೆ.

ಯಾವುದನ್ನೇ ಕೊಳ್ಳಿ, ಮನೆಗೆ ತಂದ ಮೇಲೆ ಬೀಗ ಹಾಕಿಡಬೇಕು. ತೋಟಾಗಳು ಬೇರೆ ಕಡೆ. ರಾತ್ರಿ ಎರಡು ಗಂಟೆಗೆ ಹಿತ್ತಿಲಲ್ಲಿ ಸದ್ದಾಯಿತು ಅನ್ನಿ. ಭಾವನವರು ಮೊದಲು ಕನ್ನಡಕ ಹುಡುಕಬೇಕು. ಆಮೇಲೆ ಕೋವಿಯ ಬೀಗದ ಕೈ. ಅದು ಅಕ್ಕನ ಬೀರುವಿನಲ್ಲಿದೆ, ಬೀರುವಿನ ಕೈ ದೇವರ ಕೋಣೆಯಲ್ಲಿದೆ, ತೋಟಾ ಎಲ್ಲಿದೆಯೆಂದು ಟೆಕ್ಸಾಸಿಗೆ ಫೋನು ಮಾಡಿ ಕೇಳಬೇಕು. ಕೋವಿ ಕೈಗೆ ಬಂದ ಮೇಲೆ ಕಾನೂನು ನೆನಪಿಸಿಕೊಳ್ಳಬೇಕು. ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಸೂರ್ಯಾಸ್ತದಿಂದ ಸೂರ್ಯೋದಯದ ನಡುವೆ ಕನ್ನ ಹಾಕಿದವನ ವಿಷಯದಲ್ಲಿ ಖಾಸಗಿ ರಕ್ಷಣೆಯ ಹಕ್ಕು ಪ್ರಾಣ ತೆಗೆಯುವವರೆಗೂ ಹೋಗುತ್ತದೆ, ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಅಗತ್ಯ ಎಷ್ಟಿತ್ತು ಎಂಬುದನ್ನು ಕೋರ್ಟು ಕೆಲವು ವರ್ಷಗಳ ನಂತರ ಹಗಲು ಹೊತ್ತಿನಲ್ಲಿ, ಫ್ಯಾನಿನ ಕೆಳಗೆ ಕೂತು ತೀರ್ಮಾನಿಸುತ್ತದೆ. ಭಾವನವರು ಕತ್ತಲಲ್ಲಿ, ಲುಂಗಿ ಬಿಗಿ ಮಾಡಿಕೊಳ್ಳುತ್ತ ತೀರ್ಮಾನಿಸಬೇಕು.

ಇದೆಲ್ಲ ಕೋವಿ ಮನೆಯಲ್ಲಿದ್ದಾಗಿನ ಮಾತು. ಅದು ಮನೆಯಲ್ಲಿರುವುದೇ ಅಪರೂಪ. ಲೋಕಸಭೆಗೆ ಚುನಾವಣೆ ಘೋಷಣೆಯಾದರೆ ಕೋವಿ ಠಾಣೆಗೆ. ವಿಧಾನಸಭೆಗೆ, ಗ್ರಾಮ ಪಂಚಾಯಿತಿಗೆ, ಉಪಚುನಾವಣೆಗೆ, ಮತ್ತೆ ಠಾಣೆಗೆ. ಯಾರ ಕೋವಿ ಜಮಾ ಆಗಬೇಕು, ಯಾರದು ಬೇಡ ಎಂದು ಪರಿಶೀಲಿಸಲು ಸಮಿತಿ ಇರಬೇಕು, ಜಾಮೀನಿನ ಮೇಲಿರುವವರು, ಕ್ರಿಮಿನಲ್ ಹಿನ್ನೆಲೆಯವರು, ದೊಂಬಿಯಲ್ಲಿ ಸಿಕ್ಕವರು ಇಂಥವರದ್ದನ್ನು ನೋಡಬೇಕು ಎಂದೇ ಚುನಾವಣಾ ಆಯೋಗದ ಸೂಚನೆ. ಆ ಸೂಚನೆ ದೆಹಲಿಯಿಂದ ಘಾಟಿ ಹತ್ತಿ ನಮ್ಮೂರಿಗೆ ಬರುವಷ್ಟರಲ್ಲಿ 'ಎಲ್ಲರೂ ತಂದಿಡಿ' ಎಂದಾಗಿರುತ್ತದೆ. ಎಪ್ಪತ್ತೈದು ದಾಟಿದ ಅಜ್ಜಂದಿರು ಕೋವಿಯನ್ನು ಗೋಣಿಯಲ್ಲಿ ಸುತ್ತಿ ಬಸ್ಸು ಹತ್ತುತ್ತಾರೆ. ಕೊರಳಿಗೆ ಚೀಟಿ ಕಟ್ಟಿಸಿಕೊಂಡು ಮೂಲೆಯಲ್ಲಿ ನಿಂತ ಕೋವಿ ಫಲಿತಾಂಶ ಬರುವವರೆಗೂ ಹೊರಗೆ ಬರುವುದಿಲ್ಲ. ಬಂದಾಗ ತುಕ್ಕು ಹಿಡಿದಿರುತ್ತದೆ. ನೀತಿಸಂಹಿತೆ ಮಂಗಗಳಿಗೂ ಕಳ್ಳರಿಗೂ ಅನ್ವಯಿಸುವುದಿಲ್ಲವಾದ್ದರಿಂದ ಅವರ ಕೆಲಸ ಅಬಾಧಿತ. 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯನ್ನೇ ಮಾಡದೆ ನಮ್ಮ ಸರ್ಕಾರಗಳು ಪ್ರಜಾಪ್ರಭುತ್ವಕ್ಕೆ ಏನು ಮಾಡಿದವೋ ಕಾಣೆ, ಕೋವಿಗಳಿಗಂತೂ ದೊಡ್ಡ ಉಪಕಾರ ಮಾಡಿದವು.

ಹಾಗಾದರೆ ಈ ಕೋವಿಗಳಿಂದ ಯಾರಿಗೂ ಗುಂಡು ತಾಗುವುದೇ ಇಲ್ಲವೇ? ತಾಗುತ್ತದೆ. ಜಿಲ್ಲಾ ಪುಟ ಓದುವವರಿಗೆಲ್ಲ ಗೊತ್ತು. ಹಂದಿಯೆಂದು ತಿಳಿದು ಜೊತೆಗಾರನಿಗೆ ಹೊಡೆದದ್ದು. ಬೇಲಿ ಜಗಳದಲ್ಲಿ ತಮ್ಮನಿಗೆ ಹೊಡೆದದ್ದು. ಒರೆಸುವಾಗ ಹಾರಿದ್ದು. ಸಾಲ ಹೆಚ್ಚಾಗಿ ತೋಟದ ಮೂಲೆಗೆ ಒಬ್ಬನೇ ಹೋದವನದ್ದು. ಅಮೆರಿಕದಲ್ಲಿ ಕೋವಿಯಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದನ್ನು ತಮ್ಮ ಕಡೆಗೇ ತಿರುಗಿಸಿಕೊಂಡವರು. ಆರ್ಥರ್ ಕೆಲ್ಲರ್‌ಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೋವಿಯಿರುವ ಮನೆಯಲ್ಲಿ ಕೊಲೆ ನಡೆಯುವ ಸಂಭವ ಇಲ್ಲದ ಮನೆಗಿಂತ ಸುಮಾರು 2.7 ಪಟ್ಟು ಎಂದು ಕಂಡುಬಂತು. ಕೊಂದವರು ಬಹುತೇಕ ಮನೆಯವರೋ ಹತ್ತಿರದ ಪರಿಚಿತರೋ. ಅಮೆರಿಕದ ಸಂಸತ್ತು ಇದನ್ನು ಗಂಭೀರವಾಗಿ ತೆಗೆದುಕೊಂಡಿತು. 1996ರಲ್ಲಿ ಇಂಥ ಸಂಶೋಧನೆಗೆ ಹೋಗುತ್ತಿದ್ದ ದುಡ್ಡಿಗೇ ಕತ್ತರಿ ಹಾಕಿತು. ನಮ್ಮ ಪತ್ರಿಕೆಗಳ ಆ ಸುದ್ದಿಗಳಲ್ಲಿ ಅಣ್ಣ ಇರುತ್ತಾನೆ, ತಮ್ಮ ಇರುತ್ತಾನೆ, ಷಡ್ಡಕ ಇರುತ್ತಾನೆ. ಯಾರ ಹೆಸರು ಹೇಳಿ ಲೈಸೆನ್ಸ್ ಪಡೆದರೋ ಆ ಕಳ್ಳ ಮಾತ್ರ ಎಲ್ಲೋ ಅಪ್ಪಿತಪ್ಪಿ ಕಾಣಿಸಿಕೊಂಡರೆ ಪುಣ್ಯ.

ಅವನೀಗ ಹಿತ್ತಿಲಿಗೆ ಬರುವುದನ್ನು ಬಿಟ್ಟಿದ್ದಾನೆ. ಕಳೆದ ವರ್ಷ ಭಾವನವರಿಗೆ ವಿಡಿಯೊ ಕಾಲ್ ಮಾಡಿ, ಪೊಲೀಸ್ ಟೋಪಿ ಹಾಕಿಕೊಂಡು, ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ ಎಂದು ಗದರಿಸಿ, ಅಡಿಕೆ ಮಾರಿದ ದುಡ್ಡಿನಲ್ಲಿ ದೊಡ್ಡದೊಂದು ಪಾಲನ್ನು ಹಿಡಿದುಕೊಂಡು ಹೋದ. ಭಾವನವರು ಅವನನ್ನು ಕೊನೆಯವರೆಗೂ ಸರ್ ಎಂದೇ ಕರೆದರಂತೆ.

ಇಷ್ಟು ಹೇಳಿದರೂ ಅವರು ಬಗ್ಗಲಿಲ್ಲ. "ಅದು ಬೇರೆ, ಇದು ಬೇರೆ. ಗೋಡೌನಿನಲ್ಲಿ ಅಷ್ಟು ಅಡಿಕೆ ಇದೆ."

ಗೋಡೌನಿನಲ್ಲಿ ಅಡಿಕೆ ಇದೆ ನಿಜ. ಅಡಿಕೆಯ ಮೂಟೆಗಳ ಪಕ್ಕ ಚಾಪೆ ಹಾಸಿಕೊಂಡು ರಾತ್ರಿ ಮಲಗುವವನು ಅವರ ತೋಟದ ಕೆಲಸದವನು. ಅವನ ಹತ್ತಿರ ಒಂದು ಟಾರ್ಚು, ಒಂದು ಬೆತ್ತ. ಕಳ್ಳ ಬಂದರೆ ಮೊದಲು ಎದುರಾಗುವುದು ಅವನಿಗೆ, ಏಟು ಬೀಳುವುದೂ ಅವನಿಗೇ. ಸಾಕಷ್ಟು ಆಸ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ಯಾರಿಗೂ ಲೈಸೆನ್ಸ್ ನಿರಾಕರಿಸುವಂತಿಲ್ಲ ಎಂದು ಅದೇ 1959ರ ಕಾಯ್ದೆಯ 14ನೇ ಕಲಂ ಹೇಳುತ್ತದೆ. ಓದಿ ತೋರಿಸಿದೆ.

"ಹಾಗಾದರೆ ಭಾವ, ಅರ್ಜಿ ಅವನ ಹೆಸರಿನಲ್ಲೇ ಹಾಕೋಣ. ಕಾಯುವವನು ಅವನೇ ತಾನೆ?"

ಭಾವನವರು ಕಾಫಿಯ ಲೋಟ ಕೆಳಗಿಟ್ಟರು. ಗೋಡೌನಿನ ಕಡೆಗೊಮ್ಮೆ ನೋಡಿ, ಅಲ್ಲಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದರು: "ತಲೆ ಸರಿ ಉಂಟಾ ನಿಂಗೆ? ಅವನ ಕೈಗೆ ಕೋವಿ ಕೊಟ್ಟರೆ ನಮ್ಮನ್ನು ಕಾಯುವವರು ಯಾರು?"