ದ್ವೀಪದ್ವಯ ನಿರ್ಣಯ ಎಂಬ ದಂಟು–ಕೆಸು ಮೀಮಾಂಸೆ

ಗ್ರಂಥ ಹುಟ್ಟಿದ ಕಾರಣವನ್ನು ಮೊದಲೇ ಹೇಳಿಬಿಡುವುದು ಸಂಪ್ರದಾಯ. ಯುಗಾದಿಯ ಮರುದಿನ ಒಬ್ಬಟ್ಟಿನ ಸಾರು ಎರಡನೇ ಸಲ ಕುದಿಯುತ್ತಿತ್ತು. (ಈ ಸಾರು ಪ್ರಮಾಣವಾಗುವುದು ಎರಡನೇ ಕುದಿಗೇ; ಮೊದಲನೆಯದು ಬರೀ ಪ್ರಸ್ತಾವನೆ.) ಆ ಶುಭಮುಹೂರ್ತದಲ್ಲಿ ಬಿಟಿಎಂ ಲೇಔಟಿನ ನನ್ನ ಭಾವಮೈದ ಜಯನಗರ 9ನೇ ಬ್ಲಾಕಿನ ನಮ್ಮ ಮನೆಗೆ ಬಂದು, "ಭಾವ, ನೀವೂ ಅಕ್ಕನೂ ಒಮ್ಮೆ ದೂರ ಎಲ್ಲಾದರೂ ಹೋಗಿ ಹತ್ತು ದಿನ ಆರಾಮಾಗಿ ಮಲಗಿ ಬನ್ನಿ. ಜಮೈಕಾ, ಇಲ್ಲದಿದ್ದರೆ ಟ್ರಿನಿಡಾಡ್. ಯಾವುದು ಅಂತ ಹೇಳಿ, ಟಿಕೆಟ್ ನಾನು ನೋಡ್ತೇನೆ" ಎಂದ. ಅವನಿಗೆ ಅದು ಸಾರು ಸುರಿಯುವಷ್ಟು ಹೊತ್ತಿನ ಮಾತು. ನನಗೆ ಮೂರು ವಾರ ಹಿಡಿಯಿತು. ಆ ಮೂರು ವಾರಗಳ ಫಲವೇ ಪ್ರಸ್ತುತ ಪ್ರಬಂಧ.

ಶಾಸ್ತ್ರಕ್ಕೆ ನಾಲ್ಕು ಅನುಬಂಧಗಳಿರಬೇಕು: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ವಿಷಯ ಎರಡು ದ್ವೀಪ. ಪ್ರಯೋಜನ ವಿಶ್ರಾಂತಿ. ಸಂಬಂಧ ಭಾವಮೈದ. ಕಷ್ಟವಿರುವುದು ಅಧಿಕಾರಿಯಲ್ಲಿ. ನಾನು ಕೆಲಸದಲ್ಲಿದ್ದಾಗ ಎಲ್‌ಟಿಸಿ ಅರ್ಜಿಗೆ ಸಹಿ ಹಾಕಬೇಕಾದವನಿಗೆ ಅಧಿಕಾರಿ ಎನ್ನುತ್ತಿದ್ದೆವು. ಆತ ಸಹಿ ಹಾಕುತ್ತಿರಲಿಲ್ಲವಾದ್ದರಿಂದ ನನ್ನ ದ್ವೀಪಾನುಭವ ಶ್ರೀರಂಗಪಟ್ಟಣದಿಂದ ಮುಂದೆ ಹೋಗಲಿಲ್ಲ. ಶಾಸ್ತ್ರ ಹೇಳುವ ಅಧಿಕಾರಿ ಬೇರೆ: ಪಾಸ್‌ಪೋರ್ಟ್ ಅವಧಿ ಮುಗಿಯದವನು, ಮಂಡಿ ಮಾತು ಕೇಳುವವನು, ಹತ್ತು ದಿನ ತುಳಸಿಗೆ ನೀರು ಹಾಕಲು ಎದುರುಮನೆಯವರನ್ನು ಒಪ್ಪಿಸಬಲ್ಲವನು. ಈ ಮೂರನೆಯ ಲಕ್ಷಣವುಳ್ಳವರು ದಕ್ಷಿಣ ಬೆಂಗಳೂರಿನಲ್ಲಿ ದುರ್ಲಭ. ಎದುರುಮನೆಯವರೂ ಎಲ್ಲೋ ಹೊರಟಿರುತ್ತಾರೆ.

ಪ್ರಯೋಜನದ ವಿಷಯದಲ್ಲೂ ಪಾರ್ಕಿನ ಕಲ್ಲುಬೆಂಚಿನ ಮೇಲೆ ತಕರಾರು ಎದ್ದಿತು. ತೆಗೆದವರು ನಿವೃತ್ತ ಸಂಸ್ಕೃತ ಮೇಷ್ಟ್ರು. ಶ್ರಾಂತಿ ಎಂದರೆ ದಣಿವು. ಅದರ ಹಿಂದಿನ 'ವಿ' ಎಂಬ ಉಪಸರ್ಗಕ್ಕೆ ಹೋಗಿಬಿಟ್ಟಿತು ಎಂಬ ಅರ್ಥವೂ ಉಂಟು, ವಿಶೇಷವಾಗಿ ಎಂಬ ಅರ್ಥವೂ ಉಂಟು. ಹಾಗಾಗಿ ವಿಶ್ರಾಂತಿ ಎಂದರೆ ದಣಿವು ಕಳೆಯುವುದೋ, ವಿಶೇಷವಾಗಿ ದಣಿಯುವುದೋ? ಮೇಷ್ಟ್ರು ಮಗನ ಸಂಸಾರದೊಂದಿಗೆ ಆರು ರಾತ್ರಿ ಏಳು ಹಗಲಿನ ಪ್ಯಾಕೇಜ್ ಪ್ರವಾಸ ಮುಗಿಸಿ ಬಂದವರು. ಎರಡನೆಯ ಅರ್ಥವೇ ಸಾಧು ಎಂದು ತೀರ್ಪು ಕೊಟ್ಟು ಮಂಡಿ ನೀವಿಕೊಂಡರು.

ದ್ವೀಪವೆಂದರೇನು? ಪಾಣಿನಿಯ ಅಷ್ಟಾಧ್ಯಾಯಿಯ 6ನೇ ಅಧ್ಯಾಯ, 3ನೇ ಪಾದ, 97ನೇ ಸೂತ್ರದ ಪ್ರಕಾರ 'ದ್ವಿ'ಯ ಮುಂದೆ ನೀರು ಎಂಬರ್ಥದ 'ಅಪ್' ಬಂದರೆ ಅದರ ಅಕಾರ ಈಕಾರವಾಗಿ 'ದ್ವೀಪ' ಆಗುತ್ತದೆ. ಅಂದರೆ ಎರಡು ಕಡೆ ನೀರಿದ್ದರೆ ಸಾಕು. ನಾಲ್ಕು ಕಡೆಯೂ ಬೇಕು ಎಂದದ್ದು ನಮ್ಮ ಭೂಗೋಳದ ಮೇಷ್ಟ್ರು, ಪಾಣಿನಿಯಲ್ಲ. ಈ ಲಕ್ಷಣವನ್ನು ಹಾಗೇ ಒಪ್ಪಿದರೆ ಮಳೆ ಬಂದ ಸಂಜೆಯ ಸಿಲ್ಕ್ ಬೋರ್ಡ್ ಜಂಕ್ಷನ್ ನಿಸ್ಸಂದೇಹವಾಗಿ ದ್ವೀಪ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹೆಸರುಗಳ ತಲೆಯಕ್ಷರ ಕೂಡಿಸಿ ಬಿಟಿಎಂ ಎಂದು ಕರೆದಿರುವಲ್ಲಿ ನಡುವೆ ಒಂದು ಕೆರೆ ಇರುವುದನ್ನು ಗಮನಿಸಿದರೆ ಭಾವಮೈದನೇ ದ್ವೀಪವಾಸಿ. ಇದನ್ನು ನೈಯಾಯಿಕರು ಅತಿವ್ಯಾಪ್ತಿ ಎನ್ನುತ್ತಾರೆ. ಬಿಬಿಎಂಪಿಯವರು ಏನೆನ್ನುತ್ತಿದ್ದರೋ, ಫೋನ್ ಎತ್ತಿದ್ದರೆ ತಿಳಿಯುತ್ತಿತ್ತು.

ಸ್ವಾರಸ್ಯ ಇಲ್ಲಿಗೇ ಮುಗಿಯುವುದಿಲ್ಲ. 'ಸಮೀಪ' ಎಂಬ ಮಾತಿಗೂ ಇದೇ ಸೂತ್ರ: 'ಸಮ್' ಮತ್ತು 'ಅಪ್'. ಅಂದರೆ ದ್ವೀಪ, ಸಮೀಪ ಒಂದೇ ನೀರಿನಲ್ಲಿ ಮಿಂದ ದಾಯಾದಿಗಳು. ಸಮೀಪವಲ್ಲದ್ದು ದ್ವೀಪವಾಗುವುದಾದರೂ ಹೇಗೆ? ಜಮೈಕಾ, ಟ್ರಿನಿಡಾಡ್ ಎರಡೂ ಜಯನಗರದಿಂದ ಸುಮಾರು 15 ಸಾವಿರ ಕಿಲೋಮೀಟರ್. 'ಪ್ರತೀಪ' ಎಂಬ ಮೂರನೆಯ ದಾಯಾದಿಯೂ ಇದೆ. ಪ್ರವಾಹಕ್ಕೆ ಎದುರು, ಅಂದರೆ ತಿರುಗುಮುರುಗು ಎಂದು ಅರ್ಥ. ಪೂರ್ವಪಕ್ಷವೇ ಪಶ್ಚಿಮಕ್ಕೆ ಹೊರಟಿರುವ ನಮ್ಮ ಸಂದರ್ಭಕ್ಕೆ ಅದೇ ಒಪ್ಪುತ್ತದೆ. ಸಾಲದ್ದಕ್ಕೆ, ಬೆಳಗ್ಗೆ ಪೂಜೆಗೆ ಕೂತು ಸಂಕಲ್ಪ ಹೇಳುವ ನಾನು ಜಂಬೂದ್ವೀಪದಲ್ಲಿದ್ದೇನೆ ಎಂದು ದಿನಾ ವಿಳಾಸ ಕೊಡುತ್ತೇನೆ. ದ್ವೀಪದಲ್ಲೇ ಕೂತು ದ್ವೀಪಕ್ಕೆ ಹೋಗುವುದು ಬನಶಂಕರಿಯಲ್ಲಿದ್ದುಕೊಂಡು ಬನಶಂಕರಿಗೆ ಬಸ್ಸು ಕಾಯ್ದಂತೆ. (ಎರಡನೇ ಸ್ಟೇಜಿನಿಂದ ಆರನೇ ಸ್ಟೇಜಿಗೆ ಹೋಗುವವರು ಇದನ್ನು ನಿತ್ಯ ಮಾಡುತ್ತಾರೆ ಎಂಬ ಆಕ್ಷೇಪವನ್ನು ಒಪ್ಪಿದ್ದೇನೆ.)

ಇನ್ನು ಗಾತ್ರವಿಚಾರ. ಜಮೈಕಾದ ವಿಸ್ತೀರ್ಣ ಹತ್ತಿರ ಹತ್ತಿರ 11 ಸಾವಿರ ಚದರ ಕಿಲೋಮೀಟರ್. ನಮ್ಮ ತುಮಕೂರು ಜಿಲ್ಲೆ 10,597. ಟ್ರಿನಿಡಾಡ್ ಸುಮಾರು 4,800. ಮಂಡ್ಯ ಜಿಲ್ಲೆ 4,961. ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟ ದಿನ ನನಗೆ ನಿದ್ದೆ ಹತ್ತಲಿಲ್ಲ. ಇಷ್ಟೆಲ್ಲ ಖರ್ಚು ಮಾಡಿ ಕೇಳುತ್ತಿರುವ ಪ್ರಶ್ನೆ ತುಮಕೂರಿಗೆ ಹೋಗುವುದೋ ಮಂಡ್ಯಕ್ಕೋ ಎಂಬುದೇ. ನಾನು ಹುಟ್ಟಿದ್ದು ತುಮಕೂರು ಜಿಲ್ಲೆಯಲ್ಲಿ. ಅಲ್ಲಿಂದ ಹೇಗೋ ತಪ್ಪಿಸಿಕೊಂಡು ಜಯನಗರ ಸೇರಿದವನು ವಯಸ್ಸಾದ ಮೇಲೆ ಮೂರು ವಿಮಾನ ಹತ್ತಿ ಇಳಿದು ಅದೇ ಅಳತೆಯ ನೆಲದಲ್ಲಿ ಕಾಲಿಡಬೇಕೇ? ಅಟ್ಲಾಸ್ ಇನ್ನೊಂದು ಬಾಣ ಬಿಟ್ಟಿತು. ಬೆಂಗಳೂರು ಪೂರ್ವ ರೇಖಾಂಶ 77.6ರಲ್ಲಿದೆ, ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ ಪಶ್ಚಿಮ ರೇಖಾಂಶ 76.8ರಲ್ಲಿ. ಗ್ರೀನಿಚ್‌ನಲ್ಲಿ ಒಂದು ಕನ್ನಡಿ ನಿಲ್ಲಿಸಿದರೆ ಅದರೊಳಗೆ ನಮ್ಮೂರು ಬಿದ್ದಿರುವುದು ಬಹುಮಟ್ಟಿಗೆ ಜಮೈಕಾದ ಮೇಲೇ. ಕನ್ನಡಿಯೊಳಗಿನ ಗಂಟು ಎಂದು ಹಿರಿಯರು ಹೇಳಿದ್ದು ಇದಕ್ಕೇ ಇರಬೇಕು.

ಪ್ರತ್ಯಕ್ಷಕ್ಕೆ ಟಿಕೆಟ್ ಬೇಕು. ಆದ್ದರಿಂದ ದಕ್ಷಿಣ ಬೆಂಗಳೂರಿಗರಿಗೆ ಕೆರಿಬಿಯನ್ ವಿಷಯದಲ್ಲಿ ಶಬ್ದವೊಂದೇ ಪ್ರಮಾಣ, ಮತ್ತು ಆ ಶಬ್ದ ಕ್ರಿಕೆಟ್ಟಿನದು. ನಾವು ವೆಸ್ಟ್ ಇಂಡೀಸನ್ನು ನೋಡಿದ್ದು ಪತ್ರಿಕೆಯ ಕೊನೆಯ ಪುಟದಲ್ಲಿ, ಮೊದಲ ಪುಟಕ್ಕಿಂತ ಮುಂಚೆ. 1976ರ ಏಪ್ರಿಲ್ 12ರಂದು ಟ್ರಿನಿಡಾಡಿನ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಭಾರತ ಗೆಲ್ಲಲು ಬೇಕಿದ್ದ 403 ಓಟಗಳನ್ನು ದಾಟಿ ನಾಲ್ಕೇ ವಿಕೆಟ್ಟಿಗೆ 406 ಮಾಡಿತು. ಗಾವಸ್ಕರ್ 102 ಹೊಡೆದರು ಎಂದು ದೇಶ ಹೇಳುತ್ತದೆ. ನಮ್ಮ ಗುಂಡಪ್ಪ ವಿಶ್ವನಾಥ್ 112 ಹೊಡೆದರು ಎಂದು ನಾವು ಹೇಳುತ್ತೇವೆ, ಕೊನೆಗೆ ಬ್ರಿಜೇಶ್ ಪಟೇಲ್ 49ಕ್ಕೆ ಔಟಾಗದೆ ನಿಂತಿದ್ದರು ಎಂದು ಸೇರಿಸುತ್ತೇವೆ. ಆ ಪಂದ್ಯದ ಮೊದಲ ಇನಿಂಗ್ಸಿನಲ್ಲಿ ಚಂದ್ರಶೇಖರ್ ಆರು ವಿಕೆಟ್ ಕಿತ್ತದ್ದನ್ನು ಎದುರಿಗಿದ್ದವರು ಕೇಳಲಿ ಬಿಡಲಿ ಹೇಳಿಯೇ ತೀರುತ್ತೇವೆ. ಇದರಿಂದ ಟ್ರಿನಿಡಾಡ್ ಕನ್ನಡಿಗರಿಗೆ ಪುಣ್ಯಕ್ಷೇತ್ರ ಎಂದು ಸಿದ್ಧವಾಯಿತು.

ಅದಾಗಿ ಹತ್ತು ದಿನವೂ ಕಳೆದಿರಲಿಲ್ಲ, ಏಪ್ರಿಲ್ 21ಕ್ಕೆ ಜಮೈಕಾದ ಸಬೀನಾ ಪಾರ್ಕ್. ವೇಗದ ಬೌಲರ್ ಹೋಲ್ಡಿಂಗ್ ಅಲ್ಲಿಯ ಹುಡುಗ, ಪಿಚ್ಚೂ ಅವನ ಮಾತು ಕೇಳುವಂಥದ್ದು. ವಿಶ್ವನಾಥರ ಬೆರಳು ಮುರಿಯಿತು, ಬ್ರಿಜೇಶರ ಬಾಯಿಗೆ ಚೆಂಡು ಬಡಿಯಿತು, ಗಾಯಕ್ವಾಡ್ ಕಿವಿಗೆ ಪೆಟ್ಟು ತಿಂದು ಆಸ್ಪತ್ರೆ ಸೇರಿದರು. ಎರಡನೇ ಇನಿಂಗ್ಸಿನಲ್ಲಿ ಐದು ವಿಕೆಟ್ ಬೀಳುವಷ್ಟರಲ್ಲಿ ಬ್ಯಾಟ್ ಹಿಡಿಯುವ ಕೈಗಳೇ ಖಾಲಿಯಾಗಿ ಆಟ 97ಕ್ಕೆ ಮುಗಿಯಿತು. ವಿಶ್ರಾಂತಿಗೆ ಹೋಗುವ ಊರು ಇದಲ್ಲ ಎಂದು ನನ್ನಂಥ ವಿದ್ಯಾರ್ಥಿಗಳು ತುಮಕೂರಿನಲ್ಲಿ ಆಗಲೇ ನಿರ್ಣಯಿಸಿದ್ದೆವು.

ಇಲ್ಲಿಗೆ ಪ್ರಬಂಧ ಮುಗಿಸಬಹುದಿತ್ತು. ಆದರೆ ಕಾಲ ಎಂಬುದು ಕೆಟ್ಟ ಅಂಪೈರ್. 2006ರಲ್ಲಿ ಅದೇ ಸಬೀನಾ ಪಾರ್ಕಿನಲ್ಲಿ, ಎದ್ದರೆ ಬಿದ್ದರೆ ವಿಕೆಟ್ ಹೋಗುವ ಪಿಚ್ಚಿನಲ್ಲಿ, ನಾಯಕ ದ್ರಾವಿಡ್ 81 ಮತ್ತು 68 ಹೊಡೆದರು, ಕುಂಬ್ಳೆ ಕೊನೆಯ ಇನಿಂಗ್ಸಿನಲ್ಲಿ ಆರು ವಿಕೆಟ್ ತೆಗೆದರು, 35 ವರ್ಷಗಳ ನಂತರ ಭಾರತ ಅಲ್ಲಿ ಸರಣಿ ಗೆದ್ದಿತು. ಮರುವರ್ಷ ಮಾರ್ಚಿನಲ್ಲಿ ಅದೇ ದ್ರಾವಿಡ್ ನಾಯಕತ್ವದಲ್ಲಿ ವಿಶ್ವಕಪ್ಪಿಗೆ ಹೋದಾಗ ಪುಣ್ಯಕ್ಷೇತ್ರವಾದ ಪೋರ್ಟ್ ಆಫ್ ಸ್ಪೇನ್‌ನಲ್ಲೇ ಬಾಂಗ್ಲಾದೇಶಕ್ಕೆ ಸೋತು, ಶ್ರೀಲಂಕಾಕ್ಕೆ ಸೋತು, ಗಂಟುಮೂಟೆ ಕಟ್ಟಿದ್ದಾಯಿತು. ಒಂದು ದ್ವೀಪ ಮೊದಲು ನಗಿಸಿ ಆಮೇಲೆ ಅಳಿಸಿತು, ಇನ್ನೊಂದು ಅಳಿಸಿ ಆಮೇಲೆ ನಗಿಸಿತು. ಪ್ರಮಾಣಗಳು ಹೀಗೆ ಸಮಬಲವಾದಾಗ ಮೀಮಾಂಸಕರು ವಿಕಲ್ಪ ಎನ್ನುತ್ತಾರೆ: ಯಾವುದನ್ನು ಮಾಡಿದರೂ ಸರಿ. ಹೆಂಡತಿ ಇರುವ ಮನೆಯಲ್ಲಿ ವಿಕಲ್ಪಕ್ಕೆ ಅವಕಾಶವಿಲ್ಲ ಎಂಬುದನ್ನು ಅವರು ಪರಿಗಣಿಸಿದಂತಿಲ್ಲ. (ಆಂಟಿಗಾ ಎಂಬ ಮೂರನೆಯ ದ್ವೀಪವನ್ನು ಮೇಷ್ಟ್ರು ಸೂಚಿಸಿದರು. 2002ರಲ್ಲಿ ಕುಂಬ್ಳೆ ಮುರಿದ ದವಡೆಗೆ ಪಟ್ಟಿ ಬಿಗಿದುಕೊಂಡು 14 ಓವರ್ ಎಸೆದು ಲಾರಾನನ್ನು ಕೆಡವಿದ್ದು ಅಲ್ಲೇ. ಕಾಸರಗೋಡಿನ ಕುಂಬಳೆಯ ಹೆಸರು ಹೊತ್ತ ದವಡೆ ಅದನ್ನು ತಾಳಿತು. ನನ್ನದು ಚಕ್ಕುಲಿಗೇ ತಾಳುತ್ತಿಲ್ಲ.)

ನಮ್ಮವಳು ಮಲ್ಪೆ ಕಡೆಯವಳು. ಮೂರು ವಾರ ಸುಮ್ಮನಿದ್ದು ಒಂದು ಬೆಳಗ್ಗೆ ಬಾಯಿಬಿಟ್ಟಳು. "ಅಲ್ಲ ಮಾರಾಯ್ರೆ, ದ್ವೀಪ ಅಂದ್ರೆ ನಮ್ಮ ತೋನ್ಸೆಪಾರ್ ಎಂತಾಯ್ತು?" ಹೊರಗಿನವರು ಸೇಂಟ್ ಮೇರಿಸ್ ಎನ್ನುವುದು ಅದಕ್ಕೇ. ಐದಾರು ಮೂಲೆಯ ಕಂಬಗಳನ್ನು ಕಟ್ಟು ಕಟ್ಟಿ ನಿಲ್ಲಿಸಿದಂಥ ಕಲ್ಲು, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ ಲಾವಾ, ವಯಸ್ಸು ಎಂಟೂಮುಕ್ಕಾಲು ಕೋಟಿ ವರ್ಷದ ಆಸುಪಾಸು. ವಾಸ್ಕೋ ಡ ಗಾಮ 1498ರಲ್ಲಿ ಅಲ್ಲಿ ಇಳಿದನೆಂಬುದು ಐತಿಹ್ಯ. ಅದೇ 1498ರ ಜುಲೈ 31ರಂದು ಕೊಲಂಬಸ್ ಟ್ರಿನಿಡಾಡನ್ನು ಕಂಡ. ಇಬ್ಬರಿಗೂ ಬೇಕಿದ್ದದ್ದು ನಾವೇ, ನಮ್ಮ ಮೆಣಸೇ. ಒಬ್ಬ ಸರಿಯಾಗಿ ಬಂದ, ಇನ್ನೊಬ್ಬ ದಾರಿ ತಪ್ಪಿ ಅಲ್ಲಿಗೆ ಹೋಗಿ, ತಪ್ಪನ್ನೇ ಹೆಸರು ಮಾಡಿ ಇಂಡೀಸ್ ಎಂದ. "ಅವನು ತಪ್ಪಿ ಹೋದದ್ದು, ನೀವು ದುಡ್ಡು ಕೊಟ್ಟು ತಪ್ಪುದಾ?" ಎಂಬ ಆಕೆಯ ವಾಕ್ಯಕ್ಕೆ ನನ್ನ ಬಳಿ ಖಂಡನೆ ಇರಲಿಲ್ಲ. ಭಾವಮೈದನ ಬಳಿ ಇತ್ತು: ತವರೂರಿನ ದ್ವೀಪಕ್ಕೆ ಹೋದರೆ ಹತ್ತು ದಿನದಲ್ಲಿ ಒಂಬತ್ತು ನೆಂಟರ ಮನೆಯ ಊಟ, ಅದು ರಜೆಯಲ್ಲ, ಲೆಕ್ಕ ತೀರಿಸುವುದು.

ಹೀಗೆ ಮತ್ತೆ ಎರಡೇ ಉಳಿದವು. ಶಾಸ್ತ್ರ ಸೋತಲ್ಲಿ ಸೊಪ್ಪು ಕೈಹಿಡಿಯಿತು.

ಎರಡೂ ದ್ವೀಪಗಳಲ್ಲಿ ಕಲಾಲೂ ಎಂಬ ಅಡುಗೆಯಿದೆ. ಹೆಸರು ಒಂದೇ, ಒಳಗಿರುವ ಎಲೆ ಬೇರೆ. ಜಮೈಕಾದಲ್ಲಿ ಅದು ದಂಟಿನ ಸೊಪ್ಪು. ಟ್ರಿನಿಡಾಡಿನಲ್ಲಿ ಕೆಸುವಿನ ಎಲೆ, ಬೆಂಡೆಕಾಯಿ ಮತ್ತು ತೆಂಗಿನ ಹಾಲಿನ ಜೊತೆ. ಈ ಭೇದ ತಿಳಿದಾಗ ನಮ್ಮ ಮನೆಯಲ್ಲಿ ಕವಿದ ಮೌನವನ್ನು ವರ್ಣಿಸಲಾರೆ. ದಂಟಿನ ಮಸ್ಸೊಪ್ಪಿನಲ್ಲಿ ಬೆಳೆದ ತುಮಕೂರಿನವನು ನಾನು, ಪತ್ರೊಡೆಯಲ್ಲಿ ಬೆಳೆದವಳು ಆಕೆ. ಮದುವೆಯಾದಂದಿನಿಂದ ನಡೆದಿರುವ ವ್ಯಾಜ್ಯವೇ ಕೆರಿಬಿಯನ್ ಸಮುದ್ರದಲ್ಲಿ ಎರಡು ದ್ವೀಪವಾಗಿ ನಿಂತಿತ್ತು. "ಹರಿವೆ ತಿನ್ನಲಿಕ್ಕೆ ಅಷ್ಟು ದೂರ ಹೋಗುದಾ?" ಎಂದಳು. ಕೆಸು ತಿಂದು ಗಂಟಲು ಕೆರೆದುಕೊಳ್ಳಲು ಹೋಗಬಹುದೇ ಎಂದೆ. ಹುಣಸೆಹುಳಿ ಸರಿಯಾಗಿ ಹಾಕಲು ಬಾರದವರ ಗಂಟಲು ಕೆರೆಯುತ್ತದೆ ಎಂದಳು. ಇದು ನನ್ನ ತಾಯಿಯ ಮೇಲಿನ ವಾರ್ತಿಕ.

ಆದರೂ ಪ್ರಬಂಧಕಾರ ನಿಷ್ಪಕ್ಷಪಾತಿಯಾಗಿರಬೇಕಾದ್ದರಿಂದ ಅಡ್ಡಸಾಕ್ಷಿಗಳನ್ನೂ ದಾಖಲಿಸುತ್ತೇನೆ. ಕರಾವಳಿಯವರು ಪ್ರಾಣ ಬಿಡುವ ಜೀಗುಜ್ಜೆಯನ್ನು ಕ್ಯಾಪ್ಟನ್ ಬ್ಲೈ 1793ರಲ್ಲಿ ಹಡಗಿನಲ್ಲಿ ತಂದು ಇಳಿಸಿದ ಜಾಗಗಳಲ್ಲಿ ಜಮೈಕಾ ಒಂದು. ಅಲ್ಲಿ ಅದನ್ನು ಇಡಿಯಾಗಿ ಕೆಂಡದಲ್ಲಿ ಸುಡುತ್ತಾರೆ. ಇದನ್ನು ಕೇಳಿ ನಮ್ಮವಳ ಪಕ್ಷ ಕ್ಷಣಕಾಲ ಅಲುಗಾಡಿತು. ಜಮೈಕಾದ ಬ್ಲೂ ಮೌಂಟನ್ ಕಾಫಿ ಜಗತ್ಪ್ರಸಿದ್ಧ. ಆ ಬೆಟ್ಟದ ನೆತ್ತಿ 2,256 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ. ಇದನ್ನು ಕೇಳಿ ನನ್ನ ಪಕ್ಷ ಬಲವಾಯಿತು. ಆದರೆ ನಾಲ್ಕನೇ ಬ್ಲಾಕಿನ ಕಾಫಿಪುಡಿ ಅಂಗಡಿಯವರು ಅದಕ್ಕೆ ಚಿಕೋರಿ ಬೆರೆಸುವುದಿಲ್ಲವಂತೆ ಎಂದು ಹೇಳಿ ಮುಖ ತಿರುಗಿಸಿದರು. ಟ್ರಿನಿಡಾಡಿಗೆ 1845ರ ಮೇ 30ರಂದು ಫತೇಲ್ ರಜಾಕ್ ಎಂಬ ಹಡಗಿನಲ್ಲಿ ನಮ್ಮ ದೇಶದ ಇನ್ನೂರಕ್ಕೂ ಹೆಚ್ಚು ಜನ ಕಬ್ಬಿನ ತೋಟದ ಕೂಲಿಗೆ ಹೋಗಿ ಇಳಿದರು. ಅವರಿಗೆ ಸಿಗದ ವಿಶ್ರಾಂತಿಯನ್ನು ಅದೇ ಮರಳಿನ ಮೇಲೆ ಮಲಗಿ ನಾನು ಪಡೆಯುವುದೇ ಎಂದು ಒಂದು ರಾತ್ರಿ ಯೋಚನೆ ಬಂತು. ಅದಕ್ಕೆ ಈ ಪ್ರಬಂಧದ ಯಾವ ಅನುಬಂಧದಲ್ಲೂ ಜಾಗ ಸಿಗಲಿಲ್ಲ.

ಕೊನೆಗೆ ಪ್ರಯೋಗವೊಂದೇ ದಾರಿ ಎಂದು ಚೀಲ ಹಿಡಿದು ನಾಲ್ಕನೇ ಬ್ಲಾಕಿನ ಮಾರುಕಟ್ಟೆಗೆ ಹೋದೆ. ಎರಡೂ ಸೊಪ್ಪು ತಂದು, ಎರಡನ್ನೂ ಬೇಯಿಸಿ, ಗೆದ್ದ ಎಲೆಯ ದ್ವೀಪಕ್ಕೆ ಟಿಕೆಟ್ ಎಂದು ಒಪ್ಪಂದ. ಸೊಪ್ಪಿನಮ್ಮ ದಂಟಿನ ಎರಡು ಕಟ್ಟು ಎತ್ತಿಕೊಟ್ಟು, "ಕೆಸು ಈಗೆಲ್ಲಿ ಬರುತ್ತೆ ಸಾರ್, ಮಳೆ ಬೀಳ್ಲಿ" ಎಂದಳು. ನಾನು ನಿಂತಲ್ಲೇ ನಿಂತೆ. ಕೆರಿಬಿಯನ್ನಿನ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಆಗ ಜಮೈಕಾದ ಕಡೆ ತಲೆಹಾಕಿ ಮಲಗಲೂ ಭಯ. ಟ್ರಿನಿಡಾಡ್ ತೀರ ದಕ್ಷಿಣಕ್ಕಿರುವುದರಿಂದ ಗಾಳಿ ಸಾಮಾನ್ಯವಾಗಿ ಅದನ್ನು ಬಿಟ್ಟು ಹೋಗುತ್ತದೆ. ಅಂದರೆ ದಂಟು ಸಿಗುವ ಈಗ ಜಮೈಕಾ, ಕೆಸು ಸಿಗುವ ಆಷಾಢದಲ್ಲಿ ಟ್ರಿನಿಡಾಡ್. ಪಾಣಿನಿಗೂ ವಿಶ್ವನಾಥರಿಗೂ ಬಗೆಹರಿಯದ್ದನ್ನು ಆಯಮ್ಮ ಗೋಣಿತಟ್ಟಿನ ಮೇಲೆ ಕೂತು ಬಗೆಹರಿಸಿದ್ದಳು.

ಅಷ್ಟರಲ್ಲಿ ಭಾವಮೈದನ ಫೋನ್. ಹಿಂದೆ ಹಾರ್ನುಗಳ ಸದ್ದು. ಸಿಲ್ಕ್ ಬೋರ್ಡಿನಲ್ಲಿ ನಿಂತಿದ್ದ.

"ಯಾವುದು ಭಾವ, ಗೊತ್ತಾಯ್ತಾ?"

"ಮಳೆ ಬರಲಿ ಅಂದಿದ್ದಾಳೆ."

"ಯಾರು, ಅಕ್ಕನಾ?"

"ಅಲ್ಲ, ಸೊಪ್ಪಿನವಳು."